ನೆಲಮಂಗಲ ಕಡೆ 2 ಗುಂಟೆಯಲ್ಲಿ ಕಂಟೇನರ್ ಮನೆ: ಚಕ್ರ ಹಾಕಿಸಿದರೆ ಪ್ಲಾನ್ ಬೇಡ ಅನ್ನೋದು ನಿಜವಾ?

ಚಿಕ್ಕಗೂಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಂಡ ಹೆಂಡತಿ ಇಬ್ಬರೇ ಇರೋದು, ದೊಡ್ಡ ಮನೆ ಬೇಕಿಲ್ಲ. 20 ಅಡಿ ಕಂಟೇನರನ್ನೇ ಮನೆ ಮಾಡಿಕೊಡುವವರೊಬ್ಬರು ಸಿಕ್ಕಿದ್ದಾರೆ. ಕೆಳಗೆ ಹಾಲ್, ಅಡುಗೆ ಕಟ್ಟೆ, ಬಾತ್‌ರೂಮ್. ಮಲಗೋಕೆ ಮೇಲೊಂದು ಅಟ್ಟ. ಇಡೋಕೆ ಮೂರು ಜಾಗ ನೋಡಿದ್ದೀವಿ:

ನೆಲಮಂಗಲ ಹತ್ತಿರ ಮಾರಾಟಕ್ಕಿರುವ 2 ಗುಂಟೆ 'ಫಾರ್ಮ್ ಪ್ಲಾಟ್'. ಹೆಸರಘಟ್ಟ ರಸ್ತೆ ಕಡೆ 20x30 ಬಿ ಖಾತಾ ಸೈಟು (ತೆರಿಗೆ ಕಟ್ಟಿಸಿಕೊಂಡರೂ ಪೂರ್ತಿ ಸಕ್ರಮ ಆಗದ ಸೈಟು). ಇಲ್ಲವೇ ಅಣ್ಣನ ಮನೆಯ ಟೆರೇಸು.

ಕೆಳಗೆ ಚಕ್ರ ಕೂರಿಸಿದರೆ ಅದು ವಾಹನ ಆಗುತ್ತೆ, ಪ್ಲಾನ್ ಸ್ಯಾಂಕ್ಷನ್, ಕನ್ವರ್ಷನ್ ಯಾವುದೂ ಬೇಡ ಅಂತ ಮಾರುವವರು ಹೇಳ್ತಾರೆ. ಇದು ಎಷ್ಟು ನಿಜ? ಕರೆಂಟು, ನೀರು, ಲೋನ್ ಕಥೆ ಏನು? ಮೂರರಲ್ಲಿ ಯಾವುದು ವಾಸಿ?

ಪಹಣಿಪಂಡಿತ:

ಮೊದಲು ಜಮೀನಿನ ಮಾತು ಮುಗಿಸೋಣ. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಕೃಷಿ ಜಮೀನಿನಲ್ಲಿ ವಾಸದ ಮನೆ ಬೇಕೆಂದರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್ ಪ್ರಕಾರ ಭೂಪರಿವರ್ತನೆ, ಅಂದರೆ ನೀವು ಹೇಳುವ ಕನ್ವರ್ಷನ್, ಆಗಬೇಕು. ಮಾಡಿಸದಿದ್ದರೆ 96ನೇ ಸೆಕ್ಷನ್ ದಂಡ ಹಾಕುತ್ತದೆ. ಅದೇ 95ರಲ್ಲಿ ರೈತನಿಗೊಂದು ವಿನಾಯಿತಿ ಇದೆ: ತನ್ನ ಹಿಡುವಳಿಯ 10%ಗೆ ಮೀರದಂತೆ ಕೃಷಿಗೆ ಬೇಕಾದ ತೋಟದ ಮನೆ ಕಟ್ಟಿಕೊಳ್ಳಬಹುದು. ಮಾರುವವರು ಇದನ್ನೇ ಹಿಡಿದುಕೊಳ್ಳುತ್ತಾರೆ. 2 ಗುಂಟೆ ಅಂದರೆ 2,178 ಚದರಡಿ, ಅದರ 10% ಸುಮಾರು 217. ಕಂಟೇನರ್ ಹಿಡಿಯುವ ಜಾಗ 160 ಚದರಡಿ. ಕಾಗದದ ಮೇಲೆ ಲೆಕ್ಕ ಕೂತುಬಿಡುತ್ತೆ!

ಕೂರದೇ ಇರೋದು ಪಹಣಿ. ಇಂಥ ಪ್ಲಾಟುಗಳನ್ನು ಎಷ್ಟೋ ಸಲ ಜಂಟಿಯಾಗಿ ಮಾರಿರುತ್ತಾರೆ. ಪಹಣಿಯ 9ನೇ ಕಾಲಂ ತೆಗೆದು ನೋಡಿ. ಒಂದೇ ಸರ್ವೆ ನಂಬರಿಗೆ ಹತ್ತಾರು ಹೆಸರು ಸಾಲಾಗಿ ಇದ್ದರೆ ನಿಮ್ಮ 2 ಗುಂಟೆ ಯಾವ ಮೂಲೆಯಲ್ಲಿದೆ ಅಂತ ಯಾವ ದಾಖಲೆಯೂ ಹೇಳುವುದಿಲ್ಲ. ಬೇಲಿ ಹಾಕಿ ತೋರಿಸಿದ್ದು ಬರೀ ಬಾಯಿಮಾತು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವಾಗ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ ನಕ್ಷೆ) ಇರಲೇಬೇಕು, ಅದನ್ನೇ ಮೊದಲು ಕೇಳಿ. 'ಆಮೇಲೆ ಮಾಡಿಸಿಕೊಡ್ತೀವಿ' ಅಂದರೆ ಅಲ್ಲಿಂದ ಎದ್ದು ಬನ್ನಿ.

11ನೇ ಕಾಲಂನಲ್ಲಿ ಸಾಲ, ಋಣ, ಕೋರ್ಟು ವ್ಯಾಜ್ಯ ಇದೆಯಾ ನೋಡಿ. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು 2020ರಲ್ಲಿ ತೆಗೆದಿರುವುದರಿಂದ ರೈತರಲ್ಲದವರೂ ಈಗ ಜಮೀನು ಕೊಳ್ಳಬಹುದು, ಸರಿ. ಕೊಳ್ಳಬಹುದು ಅಂದಮಾತ್ರಕ್ಕೆ ಮನೆ ಕಟ್ಟಬಹುದು ಅಂತಲ್ಲ.

ಕನ್ವರ್ಷನ್ ಆಗಿದ್ದರೂ ಗ್ರಾಮ ಪಂಚಾಯಿತಿಯಿಂದ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಕೆಳಗೆ ಕಟ್ಟಡ ಪರವಾನಗಿ ಬೇಕು, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಸಿಕ್ಕರೆ ಧೈರ್ಯವಾಗಿರಿ. 11ಬಿ ಅಂದರೆ ಬರೀ ತೆರಿಗೆ ಕಟ್ಟಿಸಿಕೊಳ್ಳುವ ಲೆಕ್ಕ ಅಂತಲೇ ಹಿಡಿಯಿರಿ.

ಆರ್‌ಟಿಒ ಗೇಟು:

ಚಕ್ರದ ವಿಷಯ ನಾನು ಹೇಳ್ತೀನಿ. ಈ ಮಾತು ಅಮೆರಿಕದ ವಿಡಿಯೋಗಳಿಂದ ಇಳಿದು ಬಂದದ್ದು. ಅಲ್ಲಿ ಟ್ರೇಲರ್ ಮೇಲಿನ ಮನೆಗೆ ಬೇರೆ ಕಾನೂನು ಇದೆ, ಅಲ್ಲೂ ಎಲ್ಲ ಊರಲ್ಲಿ ನಿಲ್ಲಿಸೋಕೆ ಬಿಡಲ್ಲ. ಇಲ್ಲಿ ಎರಡೂ ಕಡೆಯಿಂದ ಪೆಟ್ಟು.

ವಾಹನ ಅಂದುಕೊಂಡರೆ: ಟ್ರೇಲರಿಗೂ ಪ್ರತ್ಯೇಕ ರಿಜಿಸ್ಟ್ರೇಷನ್ ಬೇಕು, ಟೈಪ್ ಅಪ್ರೂವಲ್ (ಆ ಮಾದರಿ ಪರೀಕ್ಷೆಯಲ್ಲಿ ಪಾಸಾಗಿ ಸಿಗುವ ಒಪ್ಪಿಗೆ) ಆಗಿರಬೇಕು. ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಚಾಸಿ ವೆಲ್ಡ್ ಮಾಡಿ ಆಕ್ಸಲ್ ಕೂರಿಸಿದ್ದಕ್ಕೆ ನಂಬರು ಸಿಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಅಗಲ 2.6 ಮೀಟರ್ ದಾಟುವಂತಿಲ್ಲ. ಹಳೇ ಟೆಂಪೋ ಟ್ರಾವೆಲರ್ ಅಥವಾ ಬಸ್ಸನ್ನು ಮನೆ ಮಾಡುವ ಯೋಚನೆ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ: ಆರ್‌ಸಿಯಲ್ಲಿರುವ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವಂತಿಲ್ಲ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅಂತ ಬೇರೆ ಮಾನದಂಡವೇ ಇದೆ, ಅದರಂತೆ ತಯಾರಾಗಿ ಪಾಸಾದ ಗಾಡಿ ಮಾತ್ರ ಕ್ಯಾಂಪರ್ ಆಗಿ ನೋಂದಣಿಯಾಗುತ್ತೆ.

ಕಟ್ಟಡ ಅಂದುಕೊಂಡರೆ: ನಗರಪಾಲಿಕೆ ಕಾಯ್ದೆಗಳಲ್ಲಿ ಶೆಡ್ಡು, ಗುಡಿಸಲೂ ಕಟ್ಟಡವೇ. ಇಟ್ಟಿಗೆಯೋ ಮರವೋ ಲೋಹವೋ ಅಂತ ನೋಡುವುದಿಲ್ಲ. ಚಕ್ರದ ಕೆಳಗೆ ಕಲ್ಲು ಕೊಟ್ಟು, ಯುಪಿವಿಸಿ ಪೈಪು ಹೂಳಿ, ಒಳಗೆ ಒಲೆ ಹಚ್ಚಿದ ಮೇಲೆ ನೋಟಿಸು ಕೊಡಲು ಬಂದವರಿಗೆ ಟೈರು ತೋರಿಸಿದರೆ ನಗ್ತಾರೆ ಅಷ್ಟೇ. ಕೆರೆ, ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಪಕ್ಕ ಏನೂ ಕಟ್ಟದೆ ಬಿಡಬೇಕಾದ ಬಫರ್ ಕೂಡ ಹಾಗೆಯೇ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ರಾಜಕಾಲುವೆಗೆ ದರ್ಜೆ ನೋಡಿ 50, 25, 15 ಮೀಟರ್. 'ಎತ್ತಿಡಬಹುದಾದ ಮನೆ' ಅಂತ ಅಲ್ಲಿ ರಿಯಾಯಿತಿ ಇಲ್ಲ.

ಲೋನ್: ಹೋಮ್ ಲೋನ್ ಕೊಡುವ ಬ್ಯಾಂಕು ಜಾಗದ ಪತ್ರ, ಎ ಖಾತೆ, ಮಂಜೂರಾದ ನಕ್ಷೆ ಮೂರನ್ನೂ ಕೇಳುತ್ತೆ. ಕಂಟೇನರ್ ಚರಾಸ್ತಿ. ಪರ್ಸನಲ್ ಲೋನ್ ಬಡ್ಡಿಗೆ ತಯಾರಾಗಿ.

ಬಾಕ್ಸ್ ಸೆಕ್ಷನ್:

ಅಟ್ಟದ ಆಸೆ ಇವತ್ತೇ ಬಿಡಿ. 20 ಅಡಿ ಸ್ಟ್ಯಾಂಡರ್ಡ್ ಕಂಟೇನರಿನ ಒಳಗಿನ ಅಳತೆ 5.9 ಮೀಟರ್ ಉದ್ದ, 2.35 ಅಗಲ, 2.39 ಎತ್ತರ. ಮೇಲೆ 50 ಮಿ.ಮೀ. ಇನ್ಸುಲೇಷನ್, ಅದರ ಕೆಳಗೆ ಪ್ಲೈ ಅಥವಾ ಬೋರ್ಡು, ನೆಲಕ್ಕೆ ವಿನೈಲ್ ಹಾಕಿದರೆ ಉಳಿಯುವುದು ಸುಮಾರು 2.3 ಮೀಟರ್. ಅದನ್ನು ಎರಡು ಮಾಡಿದರೆ ಕೆಳಗೂ ನಿಲ್ಲಲಾಗದು, ಮೇಲೂ ಕೂರಲಾಗದು. ಮೇಲಾಗಿ ತಗಡಿನ ಕೆಳಗೆ ಬಿಸಿಗಾಳಿ ಸೇರುವ ಜಾಗವೇ ಅದು.

ಈಗ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016 ಜೊತೆ ಹೋಲಿಸಿ. ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್, ಎತ್ತರ 2.75 ಮೀಟರ್ ಇರಬೇಕು. ಕಂಟೇನರ್ ಅಗಲದಲ್ಲಿ 5 ಸೆಂ.ಮೀ. ಕಡಿಮೆ, ಅದೂ ಇನ್ಸುಲೇಷನ್‌ಗಿಂತ ಮುಂಚೆ. ಎತ್ತರದ ಹೈ ಕ್ಯೂಬ್ ತಂದರೂ ಒಳಗೆ 2.69, ಅದೂ ಸಾಲದು. ಅಂದರೆ ಒಂಟಿ ಡಬ್ಬವನ್ನು ವಾಸದ ಮನೆ ಅಂತ ಡ್ರಾಯಿಂಗ್ ಹಾಕಿ ಸಹಿ ಮಾಡಲು ನಿಯತ್ತಿನ ಇಂಜಿನಿಯರ್ ಒಪ್ಪುವುದಿಲ್ಲ.

ಬಿಸಿಲಿಗೆ ಪಶ್ಚಿಮದ ಗೋಡೆಯೇ ಶತ್ರು. ಒಳಗಡೆ ರಾಕ್‌ವೂಲ್ (ಶಾಖ ತಡೆಯುವ ಕಲ್ಲುನಾರಿನ ಉಣ್ಣೆ) ತುರುಕಿ ಬೋರ್ಡು ಹೊಡೆದರೆ ಉಕ್ಕಿಗೂ ಉಣ್ಣೆಗೂ ನಡುವೆ ಸಂದು ಉಳಿಯುತ್ತೆ. ಅನ್ನ ಬೇಯಿಸಿದ ಹಬೆ, ಒದ್ದೆ ಬಟ್ಟೆಯ ತೇವ ಆ ಸಂದಿಗೆ ಹೋಗಿ, ರಾತ್ರಿ ತಗಡು ತಣ್ಣಗಾದಾಗ ನೀರಾಗಿ ಇಳಿಯುತ್ತೆ. ಹೊರಗೆ ಬಣ್ಣ ಹೊಳೀತಿರುತ್ತೆ, ಒಳಗೆ ಬೋರ್ಡಿನ ಬುಡ ಕಪ್ಪಾಗಿ ಊದಿಕೊಂಡಿರುತ್ತೆ. ಕ್ಲೋಸ್ಡ್ ಸೆಲ್ ಪಿಯು ಫೋಮನ್ನು ನೇರ ಉಕ್ಕಿನ ಮೇಲೇ ಸ್ಪ್ರೇ ಮಾಡಿಸಿದರೆ ಸಂದೇ ಇರಲ್ಲ. ಅದರ ಜೊತೆ ಚಾವಣಿಗಿಂತ ಒಂದೂವರೆ ಅಡಿ ಮೇಲೆ ಇನ್ನೊಂದು ಶೀಟು, ಪಶ್ಚಿಮಕ್ಕೆ ಮೂರಡಿ ಹೊರಚಾಚಿ. ಏಸಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ.

ಕಿಟಕಿ ಕತ್ತರಿಸುವಾಗ ಎಚ್ಚರ. ಅಲೆಯಲೆಯಾಗಿರುವ ಆ ತಗಡೇ ಭಾರ ಹೊರುವ ಗೋಡೆ. ಕತ್ತರಿಸಿದ ಕಡೆಯೆಲ್ಲ ಎಂ.ಎಸ್. ಬಾಕ್ಸ್ ಸೆಕ್ಷನ್ (ಚೌಕಾಕಾರದ ಉಕ್ಕಿನ ಪೈಪು) ಚೌಕಟ್ಟು ವೆಲ್ಡ್ ಮಾಡಿ, ವೆಲ್ಡ್ ಜಾಗಕ್ಕೆ ಜಿಂಕ್ ಪ್ರೈಮರ್ ಹೊಡೆಯದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಮನೆಯೇ ಲೋಹದ್ದಾದ್ದರಿಂದ ಇಡೀ ಡಬ್ಬಕ್ಕೆ ಅರ್ತಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಕಡ್ಡಾಯ ಅಂತಲೇ ತಿಳಿಯಿರಿ.

ಸಿಲಿಂಡರ್ ಒಳಗಿಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತೆ. ಮೇಲಿನ ಎಕ್ಸಾಸ್ಟ್ ಫ್ಯಾನ್ ಅದನ್ನು ಎಳೆಯಲ್ಲ. ನೆಲಮಟ್ಟದಲ್ಲಿ ಜಾಲರಿ ಕಿಂಡಿ ಬೇಕು. ಗ್ಯಾಸ್ ಗೀಸರಂತೂ ಹೊರಗಿನ ಗೋಡೆಗೇ ಹಾಕಿಸಿ. ಇಷ್ಟು ಚಿಕ್ಕ ಬಾತ್‌ರೂಮಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತೆ.

ಟೆರೇಸ್ ವಿಷಯ: ಖಾಲಿ ಡಬ್ಬವೇ 2.2 ಟನ್ ಮೇಲೆ. ಪ್ಲೈ, ಮಂಚ, ಟ್ಯಾಂಕು, ಜನ ಸೇರಿದರೆ 5 ಟನ್ ಹಿಡಿಯಿರಿ. 14.8 ಚದರ ಮೀಟರಿಗೆ ಹಂಚಿದರೂ ಚದರ ಮೀಟರಿಗೆ 340 ಕೆ.ಜಿ. ಓಡಾಡುವ ಟೆರೇಸಿಗೆ ಐಎಸ್ 875 ಪ್ರಕಾರ ಲೆಕ್ಕ ಹಾಕುವ ಲೈವ್ ಲೋಡ್ (ಜನ, ಸಾಮಾನಿನ ಭಾರ) ಸುಮಾರು 150 ಕೆ.ಜಿ. ಅದಕ್ಕಿಂತ ಕೆಟ್ಟದ್ದು, ಕಂಟೇನರ್ ಕೂರುವುದು ನಾಲ್ಕು ಮೂಲೆಗಳ ಮೇಲೆ, ಮೂಲೆಗೆ ಒಂದೂಕಾಲು ಟನ್. ಅದು ಕೆಳಗಿನ ಕಾಲಂಗಳ ಮೇಲೆ ಬೀಳದೆ ಸ್ಲ್ಯಾಬಿನ ನಡುವೆ ಬಿದ್ದರೆ ಬಿರುಕು ಖಂಡಿತ. ಪ್ಲಾನ್ ಮೀರಿದ ಮಹಡಿ ಅನ್ನುವ ತಕರಾರು ಬೇರೆ.

ಮೀಟರ್ ಬೋರ್ಡ್:

ಕರೆಂಟು, ನೀರು ಸಿಗದೆ ನಿಂತುಹೋದ ಮನೆಗಳೇ ಈಗ ಜಾಸ್ತಿ, ಅದಕ್ಕೆ ಕಾರಣ ಇದೆ. ಡಿಸೆಂಬರ್ 2024ರಲ್ಲಿ ಸುಪ್ರೀಂ ಕೋರ್ಟ್, ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಡಿ ಅಂತ ಹೇಳಿತು. 2025ರಲ್ಲಿ ಬೆಸ್ಕಾಂ ಹೊಸ ಮೀಟರಿಗೆ ಒಸಿ ಕೇಳಲು ಶುರು ಮಾಡಿತು. ಆಮೇಲೆ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ ಒಸಿ ವಿನಾಯಿತಿ ಕೊಟ್ಟಿದೆ. ಒಸಿಗೆ ವಿನಾಯಿತಿ, ನಕ್ಷೆ ಮಂಜೂರಾತಿಗೆ ಅಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಜಮೀನಿನಲ್ಲಿ ಪಂಪ್‌ಸೆಟ್ ಲೈನ್ ಇದೆ, ಅದರಿಂದಲೇ ಎಳೀಬಹುದು ಅಂದರೆ ಕೈ ಮುಗಿದುಬಿಡಿ. 10 ಎಚ್‌ಪಿವರೆಗಿನ ಉಚಿತ ಕರೆಂಟು ನೀರಾವರಿಗೆ ಮಾತ್ರ. ಮನೆಗೆ ಬಳಸಿದರೆ ವಿದ್ಯುತ್ ಕಾಯ್ದೆ 2003ರ 126ನೇ ಸೆಕ್ಷನ್‌ನಲ್ಲಿ ಎರಡು ಪಟ್ಟು ದರ ಹಾಕ್ತಾರೆ.

ಮಳೆನೀರಿನ ಮೇಲೂ ಹೆಚ್ಚು ನಂಬಿಕೆ ಇಡಬೇಡಿ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. 14.8 ಚದರ ಮೀಟರ್ ಚಾವಣಿಯಿಂದ, ನಷ್ಟ ಕಳೆದು, ವರ್ಷಕ್ಕೆ 11,500 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಇಬ್ಬರಿಗೆ ಒಂದೂವರೆ ತಿಂಗಳೂ ಬಾರದು. ಮಿಕ್ಕಿದ್ದು ಟ್ಯಾಂಕರ್ ಅಥವಾ ಬೋರ್‌ವೆಲ್. ಟ್ಯಾಂಕರ್ ಅರ್ಧ ಟ್ಯಾಂಕು ನೀರು ಹಾಕಲು ಬರಲ್ಲ, ಆದ್ದರಿಂದ ನೆಲದಡಿ 6,000 ಲೀಟರ್ ಸಂಪಾದರೂ ಬೇಕು.

ಬೋರ್‌ವೆಲ್ ಅಂದಕೂಡಲೇ ಶೌಚದ ಗುಂಡಿಯ ಪ್ರಶ್ನೆ. ಐಎಸ್ 2470 ಪ್ರಕಾರ ಐದು ಜನರ ಸೆಪ್ಟಿಕ್ ಟ್ಯಾಂಕು 1.5 ಮೀ. ಉದ್ದ, 0.75 ಮೀ. ಅಗಲ, ನೀರಿನ ಆಳ 1 ಮೀ. ಇದು ಎಲ್ಲಾದರೂ ಹಿಡಿಸುತ್ತೆ. ಹಿಡಿಸದಿರೋದು ಇಂಗುಗುಂಡಿ: ಕುಡಿಯುವ ನೀರಿನ ಮೂಲದಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು. 2 ಗುಂಟೆ ಅಂದರೆ ಹೆಚ್ಚುಕಮ್ಮಿ 10x20 ಮೀಟರ್. ನಿಮ್ಮ ಬೋರ್‌ವೆಲ್ ಒಂದು ತುದಿ, ಗುಂಡಿ ಇನ್ನೊಂದು ತುದಿ ಮಾಡಿದರೆ ಅದು ಹಿಂದಿನ ಪ್ಲಾಟಿನವರ ಬೋರ್‌ವೆಲ್ ಪಕ್ಕಕ್ಕೇ ಬರುತ್ತೆ. ಅವರ ಗುಂಡಿ ನಿಮ್ಮ ಪಕ್ಕಕ್ಕೆ. ಇಂಥ ಪ್ಲಾಟುಗಳೆಲ್ಲ ತುಂಬಿದ ದಿನ ಅಲ್ಲಿಯ ನೀರು ಏನಾಗುತ್ತೆ ಯೋಚಿಸಿ.

ಚಿಕ್ಕಗೂಡು:

ಎಲ್ಲರಿಗೂ ಧನ್ಯವಾದ ಸರ್. ಫಾರ್ಮ್ ಪ್ಲಾಟು, ಟೆರೇಸು ಎರಡೂ ಕೈಬಿಟ್ಟೆವು. 20x30 ಸೈಟಿನಲ್ಲಿ ಚಿಕ್ಕದಾಗಿ ಕಟ್ಟಬಹುದಾ? ಮನೆ ಇಷ್ಟಾದರೂ ದೊಡ್ಡದಿರಬೇಕು ಅಂತ ಇದೆಯಾ?

ಬಾಕ್ಸ್ ಸೆಕ್ಷನ್:

ಅದೇ ಸರಿಯಾದ ದಾರಿ ಮೇಡಂ. ಚಿಕ್ಕ ಮನೆಗೆ ಕಾನೂನು ಅಷ್ಟೇನೂ ವಿರೋಧಿಯಲ್ಲ. ಬಿಲ್ಡಿಂಗ್ ಕೋಡಿನ ಕನಿಷ್ಠ ಕೂಡಿಸಿ ನೋಡಿ: ಕೋಣೆ 9.5, ಅಡುಗೆಮನೆ 5, ಬಾತ್‌ರೂಮ್ ಟಾಯ್ಲೆಟ್ ಸೇರಿ 2.8. ಒಟ್ಟು 17.3 ಚದರ ಮೀಟರ್, ಅಂದರೆ 186 ಚದರಡಿ. ಗೋಡೆ ಸೇರಿ 230-240ರಲ್ಲಿ ಇಬ್ಬರ ಮನೆ ಮುಗಿಯುತ್ತೆ. ಸೈಟಿನಲ್ಲಿ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟೂ ಗಾಡಿ ನಿಲ್ಲಿಸಲು, ಬಟ್ಟೆ ಒಣಹಾಕಲು ಜಾಗ ಉಳಿಯುತ್ತೆ. 4 ಇಂಚಿನ ಬ್ಲಾಕ್ ಗೋಡೆ ಹಾಕಿ ಜಾಗ ಉಳಿಸೋಣ ಅಂತ ಮೇಸ್ತ್ರಿ ಹೇಳಿದರೆ ಹೊರಗೋಡೆಗೆ ಒಪ್ಪಬೇಡಿ. 6 ಇಂಚಾದರೂ ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಒಳಗೆ ಬರುತ್ತೆ. ಫೌಂಡೇಷನ್ ಮಾತ್ರ ಮೇಲೆ ಒಂದು ಮಹಡಿ ಬರುವ ಲೆಕ್ಕಕ್ಕೇ ಹಾಕಿಸಿ. ನಾಳೆ ಮಾರುವಾಗ 240 ಚದರಡಿ ಮನೆ ಕೊಳ್ಳುವವರು ಕಡಿಮೆ.

ಪಹಣಿಪಂಡಿತ:

ಒಂದು ತಡೆ ಇದೆ, ಬಿ ಖಾತೆ. ಬಿ ಖಾತಾ ಸೈಟಿಗೆ ಪ್ಲಾನ್ ಮಂಜೂರಾಗುವುದಿಲ್ಲ. 2025ರ ಕೊನೆಯಲ್ಲಿ ಬಿ ಖಾತೆಯನ್ನು ಎ ಖಾತೆ ಮಾಡಿಕೊಡುವ ಯೋಜನೆ ಶುರುವಾಗಿದೆ. ಆ ಖರ್ಚು ಯಾರದ್ದು ಅಂತ ಅಡ್ವಾನ್ಸ್ ಕೊಡುವ ಮುಂಚೆ ಅಗ್ರಿಮೆಂಟಿನಲ್ಲೇ ಬರೆಸಿ. ಸೈಟಿನವರೇ ಎ ಖಾತೆ ಮಾಡಿಸಿ ಇ-ಖಾತಾ ಕೈಗೆ ಕೊಟ್ಟ ಮೇಲೆ ರಿಜಿಸ್ಟ್ರೇಷನ್ ಅಂದರೆ ಇನ್ನೂ ಒಳ್ಳೆಯದು. ಪಾಲಿಕೆಯ 'ನಂಬಿಕೆ ನಕ್ಷೆ' ಯೋಜನೆಯಲ್ಲಿ ನೋಂದಾಯಿತ ಇಂಜಿನಿಯರ್ ಮೂಲಕ ಪ್ಲಾನ್ ಬೇಗ ಸಿಗುತ್ತೆ, ಆದರೆ ದಾಖಲೆಯಲ್ಲಿ ತಪ್ಪು ಕಂಡರೆ ಅದು ರದ್ದಾಗಬಹುದು. ಆದ್ದರಿಂದ ತಾಯಿಪತ್ರದಿಂದ ಹಿಡಿದು ಇಸಿ (ಋಣಭಾರ ಪತ್ರ), ಕನ್ವರ್ಷನ್ ಆರ್ಡರ್‌ವರೆಗೆ ವಕೀಲರ ಕೈಯಲ್ಲಿ ನೋಡಿಸಿಯೇ ಅರ್ಜಿ ಹಾಕಿ.

ಕನ್ವರ್ಷನ್ ಆರ್ಡರ್ ಇಲ್ಲ, ಬರೀ ಬೆಟರ್‌ಮೆಂಟ್ (ಅಭಿವೃದ್ಧಿ ಶುಲ್ಕ) ರಸೀದಿ ಇದೆ ಅಂದರೆ ಪತ್ರಗಳ ಪಟ್ಟಿ ಇಲ್ಲಿ ಹಾಕಿ, ನೋಡೋಣ. ಹೆಸರು, ಸರ್ವೆ ನಂಬರು ಅಳಿಸಿ ಹಾಕಿ.