ನೀರಿನ ಗ್ರೂಪಿಗೆ ನಾನೂರು ಜನರ ಆಧಾರ್ ನಂಬರ್ ಹೋಗಿದೆ, ಯಾರಿಗೆ ತಿಳಿಸಬೇಕು?

ವರದಾ ದಂಡೆ (ಸಂಜೆ 5:05)

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಮುನ್ಸಿಪಾಲಿಟಿಯಲ್ಲಿ ಹೊರಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಊರಿನ ಹೆಸರು ಬೇಡ.

ಇವತ್ತು ಮಧ್ಯಾಹ್ನ ಆಫೀಸಿನ ಪ್ರಿಂಟರ್‌ನಲ್ಲಿ ಟೋನರ್ ಮುಗಿದಿತ್ತು. ಇ-ಖಾತಾ ಅರ್ಜಿ ಕೊಟ್ಟವರ ಎಕ್ಸೆಲ್ ಶೀಟನ್ನು ಎದುರಿನ ಝೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿ ಪ್ರಿಂಟ್ ತೆಗೆಸೋಣ ಅಂತ ಪಕ್ಕದ ಟೇಬಲ್‌ನವರು ಕಳಿಸಿದರು, ಅದು ಅಂಗಡಿಯವರಿಗೆ ಹೋಗುವ ಬದಲು ವಾರ್ಡಿನ ನೀರು ಬಿಡುವ ಗ್ರೂಪಿಗೆ ಹೋಗಿಬಿಟ್ಟಿತು. ಕಳಿಸಿದ್ದು 2:40ಕ್ಕೆ. ನನ್ನ ಕಣ್ಣಿಗೆ ಬಿದ್ದಿದ್ದು 3:10ಕ್ಕೆ. ಹೆಸರು, ಮೊಬೈಲ್, ಆಸ್ತಿ ನಂಬರ್, ಪೂರ್ತಿ 12 ಅಂಕಿಯ ಆಧಾರ್, ಎಲ್ಲಾ ಇದೆ. ನಾನೂರಕ್ಕೂ ಜಾಸ್ತಿ ಮಂದಿಯದು. ಅದರಲ್ಲಿ ನಮ್ಮ ಓಣಿಯವರೇ ಎಷ್ಟೋ ಜನ ಇದ್ದಾರೆ.

ಮೆಸೇಜ್ ಡಿಲೀಟ್ ಮಾಡಿಸಿದೆವು. ಆದರೆ ಅಷ್ಟರಲ್ಲಿ ಒಬ್ಬರು "ಇದೇನ್ರೀ ಇದು?" ಅಂತ ಬೇರೆ ಗ್ರೂಪಿಗೂ ಹಾಕಿದ್ದರು. ಸಾಹೇಬರಿಗೆ ಹೇಳಿದರೆ, ಡಿಲೀಟ್ ಆಯಿತಲ್ಲ, ಸುಮ್ನೆ ದೊಡ್ಡದು ಮಾಡಬೇಡ ಅಂದರು. 6 ಗಂಟೆಯೊಳಗೆ ವರದಿ ಮಾಡಬೇಕು ಅಂತ ಎಲ್ಲೋ ಓದಿದ ನೆನಪು. ಅದು ನಮಗೂ ಬರುತ್ತದಾ? ಯಾರಿಗೆ ಮಾಡಬೇಕು? ನನ್ನ ಕೆಲಸಕ್ಕೆ ಕುತ್ತು ಬರದ ಹಾಗೆ ಹೇಳುವ ದಾರಿ ಇದ್ದರೆ ತಿಳಿಸಿ.

ಬೆಟಗೇರಿ ಮಗ್ಗ (5:20)

ತಮ್ಮಾ, ಗಾಬರಿ ಆಗಬೇಡ. ಇದು ಹ್ಯಾಕ್ ಅಲ್ಲವಲ್ಲ. ಯಾರೂ ಸರ್ವರ್‌ಗೆ ನುಗ್ಗಿಲ್ಲ, ಕೈತಪ್ಪಿ ಹೋಗಿದೆ ಅಷ್ಟೇ. ಆ 6 ಗಂಟೆ ರೂಲು ದೊಡ್ಡ ಕಂಪನಿ, ಬ್ಯಾಂಕುಗಳಿಗೆ ಅಂತ ನನ್ನ ತಿಳಿವಳಿಕೆ.

ಉಣಕಲ್ ಕೆರೆ (5:50)

ಅಣ್ಣಾ, ಇಲ್ಲಿ ನಿಮ್ಮ ಮಾತು ಒಪ್ಪಲು ಆಗುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದೇನೆ, ಈ ಆದೇಶ ಇಟ್ಟುಕೊಂಡೇ ದಿನಾ ಕೆಲಸ ಮಾಡುತ್ತೇನೆ.

ಸರ್ಟ್-ಇನ್ ಅಂತ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಇದೆ. 2022ರ ಏಪ್ರಿಲ್ 28ರಂದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 70ಬಿ ಕಲಮಿನ ಕೆಳಗೆ ಅವರು ಆದೇಶ ಹೊರಡಿಸಿದರು. ಕಂಪನಿ, ಡಾಟಾ ಸೆಂಟರ್ ಜೊತೆಗೆ ಸರ್ಕಾರಿ ಸಂಸ್ಥೆಗಳು ಅಂತಲೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ವರದಿ ಮಾಡಲೇಬೇಕಾದ ಘಟನೆಗಳ ಪಟ್ಟಿಯಲ್ಲಿ ಹ್ಯಾಕಿಂಗ್ ಒಂದೇ ಇಲ್ಲ, ಡಾಟಾ ಸೋರಿಕೆಯೂ ಇದೆ. ಕೈತಪ್ಪಿ ಹೋದರೂ ಸೋರಿಕೆ ಸೋರಿಕೆಯೇ ಅಲ್ವಾ? ಆಧಾರ್ ನಂಬರ್ ಹೊರಗೆ ಹಾಕಬಾರದು ಅಂತ ಆಧಾರ್ ಕಾಯ್ದೆಯ 29ನೇ ಕಲಮು ಬೇರೆ ಹೇಳುತ್ತದೆ.

6 ಗಂಟೆ ಎಣಿಸುವುದು ಗಮನಕ್ಕೆ ಬಂದ ಹೊತ್ತಿನಿಂದ. ನಿಮಗೆ 3:10ಕ್ಕೆ ಗೊತ್ತಾಗಿದೆ, ಅಂದರೆ ರಾತ್ರಿ 9:10ರವರೆಗೆ ಸಮಯ ಇದೆ. ಪೂರ್ತಿ ತನಿಖೆ ಮುಗಿಸಿ ಬರೆಯಬೇಕು ಅಂತ ಏನಿಲ್ಲ. ಈಗ ಗೊತ್ತಿರುವಷ್ಟು ಕೊಡಿ, ಉಳಿದದ್ದು ಆಮೇಲೆ ಕೊಡಬಹುದು. ಸರ್ಟ್-ಇನ್ ವೆಬ್‌ಸೈಟಿನಲ್ಲಿ ಫಾರ್ಮ್ ಇದೆ, ಇಮೇಲ್ ಇದೆ, ಫೋನ್ ಮಾಡುವುದಾದರೆ 1800-11-4949. ಸಂಸ್ಥೆಯ ಪರವಾಗಿ ಸರ್ಟ್-ಇನ್ ಜೊತೆ ಮಾತಾಡಲು ಒಬ್ಬರನ್ನು ನೇಮಿಸಿರಬೇಕು ಅಂತಲೂ ಅದೇ ಆದೇಶ ಹೇಳುತ್ತದೆ. ನಿಮ್ಮಲ್ಲಿ ಅದು ಯಾರು ಅಂತ ಮೊದಲು ಕೇಳಿ. ಹಾಗೆಯೇ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೂ ಹೇಳಿ.

ಇನ್ನೊಂದು ಮಾತು, ಇದನ್ನು ಬಹಳ ಕಡೆ ತಪ್ಪು ಮಾಡುತ್ತಾರೆ. ಹೆದರಿ ಕಂಪ್ಯೂಟರ್ ಫಾರ್ಮ್ಯಾಟ್ ಹೊಡೆಯಬೇಡಿ, ಆ ಮೊಬೈಲಿನಲ್ಲಿರುವ ವಾಟ್ಸಾಪ್ ತೆಗೆಯಬೇಡಿ. ಯಾವ ಗ್ರೂಪು, ಎಷ್ಟು ಸದಸ್ಯರು, ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ತೆಗೆದಿರಿ, ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಡಿಲೀಟ್ ಮಾಡಿದರೂ ಡೌನ್‌ಲೋಡ್ ಆದ ಫೈಲು ಅವರವರ ಮೊಬೈಲಿನಲ್ಲಿ ಉಳಿದಿರಬಹುದು, ಹಾಗಾಗಿ "ಡಿಲೀಟ್ ಆಯಿತಲ್ಲ" ಅನ್ನುವ ಮಾತಿಗೆ ಅರ್ಥ ಇಲ್ಲ.

ಹೊಸ ಡಾಟಾ ರಕ್ಷಣಾ ಕಾಯ್ದೆ 2023ರದು, ಅದರ ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಸೋರಿಕೆ ತಿಳಿಸುವ ಭಾಗ 18 ತಿಂಗಳ ನಂತರ ಜಾರಿಗೆ ಬರುತ್ತದೆ, ಅಂದರೆ 2027ರ ಮೇನಲ್ಲಿ. ಆಗ ಡಾಟಾ ಯಾರದೋ ಅವರಿಗೇ ತಡ ಮಾಡದೆ ತಿಳಿಸಬೇಕು, ಆ ಕಾಯ್ದೆಯ ಡಾಟಾ ರಕ್ಷಣಾ ಮಂಡಳಿಗೂ ಕೂಡಲೇ ತಿಳಿಸಿ 72 ಗಂಟೆಯೊಳಗೆ ವಿವರ ಕೊಡಬೇಕು. ತಿಳಿಸದಿದ್ದರೆ ದಂಡ 200 ಕೋಟಿವರೆಗೆ ಇದೆ. ಆದರೆ ಅಲ್ಲಿಯವರೆಗೆ ಜನರಿಗೆ ಹೇಳಬಾರದು ಅಂತ ಯಾವ ಕಾಯ್ದೆಯೂ ತಡೆದಿಲ್ಲ.

ಸಾಧನಕೇರಿ (6:30)

ತಮ್ಮಾ, ನಾನು ಧಾರವಾಡದವಳು, ಮೂವತ್ತು ವರ್ಷ ಆಫೀಸಿನಲ್ಲಿ ಫೈಲು ನೋಡಿದವಳು. ಕೆಲಸದ ಬಗ್ಗೆ ಕೇಳಿದ್ದೀಯಲ್ಲ, ಅದಕ್ಕೆ ಹೇಳುತ್ತೇನೆ. ಬಾಯಿಮಾತಿನಲ್ಲಿ ಹೇಳಿದ್ದು ನಾಳೆ ಯಾರ ನೆನಪಿನಲ್ಲೂ ಇರುವುದಿಲ್ಲ. ಅರ್ಧ ಹಾಳೆ ಟಿಪ್ಪಣಿ ಬರೆ. ಇಷ್ಟು ಹೊತ್ತಿಗೆ ಇಂಥದ್ದು ಗಮನಕ್ಕೆ ಬಂತು, ವರದಿ ಮಾಡಲು ಇಷ್ಟು ಹೊತ್ತಿನವರೆಗೆ ಅವಕಾಶ ಇದೆ, ಮುಂದಿನ ಕ್ರಮಕ್ಕಾಗಿ ತಮ್ಮ ಅವಗಾಹನೆಗೆ, ಅಷ್ಟೇ. ಕಳಿಸಿದವರ ಹೆಸರು ಅದರಲ್ಲಿ ಬೇಡ, ತಪ್ಪು ಯಾರದು ಅನ್ನುವುದನ್ನು ಆಮೇಲೆ ನೋಡಿಕೊಳ್ಳಲಿ. ಆವಕದಲ್ಲಿ (ಪತ್ರ ತೆಗೆದುಕೊಳ್ಳುವ ಟೇಬಲ್) ಕೊಟ್ಟು ನಂಬರ್ ಹಾಕಿಸು, ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಕಾಗದದ ಮೇಲೆ ಸಮಯ ಬಿದ್ದರೆ ಸಾಹೇಬರೂ ಬೇರೆ ರೀತಿ ಯೋಚನೆ ಮಾಡುತ್ತಾರೆ.

ಆ ನಾನೂರು ಜನಕ್ಕೆ ದಯವಿಟ್ಟು ಹೇಳಿಸಿ. ಹೋದ ವರ್ಷ ನಮ್ಮ ಮಾವನವರಿಗೆ ಒಂದು ಫೋನ್ ಬಂತು. ಅವರಿಗೆ 78 ವಯಸ್ಸು, ಯಾರನ್ನೂ ಅಷ್ಟು ಸುಲಭಕ್ಕೆ ನಂಬುವವರಲ್ಲ. ಆದರೆ ಫೋನ್ ಮಾಡಿದವನು ಅವರ ಹೆಸರು, ಮನೆಯ ಆಸ್ತಿ ನಂಬರ್, ಉತಾರದಲ್ಲಿ ಇರುವ ಅಳತೆ, ಎಲ್ಲಾ ಕರೆಕ್ಟಾಗಿ ಹೇಳಿದ. ತೆರಿಗೆ ಬಾಕಿ ಇದೆ, ಈ ಫೈಲ್ ಒತ್ತಿ ನೋಡಿ ಅಂದ. ಒತ್ತಿದರು. ಅದು ಎಪಿಕೆ ಫೈಲು, ಅಂದರೆ ಮೊಬೈಲಿಗೆ ಆಪ್ ಹಾಕುವ ಫೈಲು. ಅರ್ಧ ತಾಸಿನಲ್ಲಿ ಪಿಂಚಣಿ ಖಾತೆಯಿಂದ 38 ಸಾವಿರ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ಹೊತ್ತಿಗೆ ಸಂಜೆ ಆಗಿತ್ತು. "ಸರ್ಕಾರದವರಿಗೆ ಬಿಟ್ಟರೆ ಯಾರಿಗೆ ಗೊತ್ತಿರುತ್ತದೆ ನನ್ನ ಮನೆ ಅಳತೆ?" ಅಂತ ಇವತ್ತಿಗೂ ಕೇಳುತ್ತಾರೆ. ಆ ವಿವರ ಎಲ್ಲಿಂದ ಹೋಯಿತು ಅಂತ ನಮಗೆ ಯಾರೂ ಹೇಳಲಿಲ್ಲ. ಮೊದಲೇ ಒಂದು ಮಾತು ಯಾರಾದರೂ ತಿಳಿಸಿದ್ದರೆ ಅವರು ಆ ಫೋನ್ ಇಟ್ಟುಬಿಡುತ್ತಿದ್ದರು.

ಬೆಟಗೇರಿ ಮಗ್ಗ (6:45)

ಸರ್ಕಾರಿ ಸಂಸ್ಥೆಗೂ ಬರುತ್ತದೆ ಅಂತ ಗೊತ್ತಿರಲಿಲ್ಲ, ನಾನು ಹೇಳಿದ್ದು ತಪ್ಪು. ತಮ್ಮಾ, ಅಕ್ಕಾವರು ಹೇಳಿದ ಹಾಗೆ ಮಾಡು. ಜನರಿಗೆ ಹೇಳುವಾಗ ಆಧಾರ್‌ನ ಬೆರಳಚ್ಚು ಲಾಕ್ ಮಾಡುವುದನ್ನೂ ಹೇಳಿ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ, ದುಡ್ಡು ಏನೂ ಇಲ್ಲ. ತಿಳಿಯದವರು ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ ಕೇಳಬಹುದು.

ವರದಾ ದಂಡೆ (ಮರುದಿನ ಬೆಳಿಗ್ಗೆ 10:15)

ಎಲ್ಲರಿಗೂ ಧನ್ಯವಾದ. ನಿನ್ನೆ ಆವಕ ಮುಚ್ಚಿತ್ತು, ಹಾಗಾಗಿ ಟಿಪ್ಪಣಿಯನ್ನು ಸಾಹೇಬರ ಇಮೇಲ್‌ಗೆ ಕಳಿಸಿ, ಮನೆಗೇ ಹೋಗಿ ಪ್ರತಿ ಕೊಟ್ಟೆ. 9:10 ಅನ್ನುವ ಸಮಯಕ್ಕೆ ಕೆಳಗೆ ಗೆರೆ ಎಳೆದಿದ್ದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಅವರೇ ಕೂತು ಇಮೇಲ್ ಬರೆಸಿದರು. 8:35ಕ್ಕೆ ಹೋಯಿತು.

ಇವತ್ತು ಬೆಳಿಗ್ಗೆಯಿಂದ ಇಬ್ಬರು ಕೂತು ಶೀಟಿನಲ್ಲಿರುವ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇವೆ. ಆಧಾರ್ ಕಾಲಂನಲ್ಲಿ ಕೊನೆಯ 4 ಅಂಕಿ ಮಾತ್ರ ಉಳಿಸಿ ಹೊಸ ಶೀಟ್ ಮಾಡಿದ್ದೇನೆ. ಮೊದಲ ಫೋನ್ ಒಬ್ಬ ಅಜ್ಜಿಗೆ. ನಾವು ಮುನ್ಸಿಪಾಲಿಟಿಯವರು ಅಂದ ಕೂಡಲೇ, "ನೀನು ಕಳ್ಳ ಅಲ್ಲ ಅಂತ ನಾನು ಹೆಂಗ ನಂಬಲಿ?" ಅಂದರು. ನಂಬಬೇಡಿ ಅಜ್ಜಿ, ಆಫೀಸಿಗೇ ಬನ್ನಿ ಅಂದೆ. ಈಗ ಮೊಮ್ಮಗನ ಜೊತೆ ಕೌಂಟರ್ ಮುಂದೆ ನಿಂತಿದ್ದಾರೆ, ಹೋಗಿ ಲಾಕ್ ಮಾಡಿಕೊಟ್ಟು ಬರುತ್ತೇನೆ.