ಆಗಸ್ಟ್‌ಗೆ ಬಫಲೋಗೆ ಬರ್ತಿರೋ ನಮ್ ಹುಡುಗ್ರಿಗೆ ಏನ್ ಮಾಡಿದ್ರೆ ನಿಜವಾಗ್ಲೂ ಸಹಾಯ ಆಗುತ್ತೆ?

ಬೆಣ್ಣೆನಗರಿ_ಹುಡುಗ:

ನಮಸ್ಕಾರ ಎಲ್ರಿಗೂ. ನಾನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಎಂಎಸ್ ಮಾಡ್ತಿದೀನಿ, ಬಂದು ಒಂದ್ ವರ್ಷ ಆಯ್ತು. ಈ ಫಾಲ್‌ಗೆ ಬರೋವ್ರ ವಾಟ್ಸಾಪ್ ಗ್ರೂಪಲ್ಲಿ ಆಗ್ಲೇ ಹದಿನಾಲ್ಕು ಜನ ಕನ್ನಡದವ್ರು ಇದಾರೆ, ಕುಕ್ಕರ್ ತರ್ಬೇಕಾ, ಕ್ಯಾಶ್ ಎಷ್ಟು ಇಟ್ಕೋಬೇಕು, ಉಪ್ಪಿನಕಾಯಿ ಬಿಡ್ತಾರಾ ಅಂತ ದಿನಾ ಕೇಳ್ತಾರೆ. ಅದಕ್ಕೆಲ್ಲ ಉತ್ರ ಕೊಡೋಕೆ ನಾವು ನಾಲ್ಕೈದು ಜನ ಇದೀವಿ, ಅದು ಸಮಸ್ಯೆ ಅಲ್ಲ.

ನನ್ ತಲೇಲಿ ಕೊರೀತಿರೋದು ಬೇರೆ. ಹೋದ್ ವರ್ಷ ನಮ್ ಜೊತೆ ಒಬ್ಬ ಹುಡುಗ ಬಂದಿದ್ದ, ಚಿತ್ರದುರ್ಗದ ಕಡೆಯವ್ನು. ಸೀನಿಯರ್ಸ್ ಅವನನ್ನೂ ನಮ್ ಜೊತೆನೇ ಏರ್‌ಪೋರ್ಟ್‌ನಿಂದ ಕರ್ಕೊಂಡ್ ಬಂದ್ರು, ಎರಡು ದಿನ ಊಟ ಹಾಕಿದ್ರು, ಸಿಮ್ ಕೊಡ್ಸಿದ್ರು, ಬ್ಯಾಂಕ್ ಅಕೌಂಟ್ ಮಾಡ್ಸಿದ್ರು. ಆಮೇಲೆ ಅವ್ರವ್ರ ಓದು ಅವ್ರವ್ರಿಗೆ. ಅವ್ನು ನಮ್ಮನೆಯಿಂದ ಎರಡೇ ರಸ್ತೆ ಆಚೆ ಇದ್ದ. ಅಕ್ಟೋಬರ್‌ನಿಂದ ಕ್ಲಾಸಿಗೆ ಬರೋದೇ ನಿಲ್ಸಿದಾನೆ ಅಂತ ನಮಗೆ ಗೊತ್ತಾಗಿದ್ದು ದೀಪಾವಳಿ ಊಟಕ್ಕೆ ಕರೆಯೋಕೆ ಹೋದಾಗ. ಡಿಸೆಂಬರ್‌ನಲ್ಲಿ ಊರಿಗೆ ವಾಪಸ್ ಹೋಗ್ಬಿಟ್ಟ. ಎರಡು ರಸ್ತೆ ದೂರ ಅಷ್ಟೇ, ನಾನು ಒಂದ್ ಸಲನೂ ಹೋಗಿ ಬಾಗಿಲು ತಟ್ಲಿಲ್ಲ.

ಈ ಸಲ ಹಾಗಾಗ್ಬಾರ್ದು. ಇಲ್ಲಿ ಓದಿದವ್ರು, ಮಕ್ಕಳನ್ನ ಕಳಿಸಿದವ್ರು ಹೇಳಿ, ಆಗ ಯಾರಾದ್ರೂ ಇದನ್ನ ಮಾಡಿದ್ರೆ ಚೆನ್ನಾಗಿತ್ತು ಅಂತ ನಿಮಗೆ ಅನ್ಸಿದ್ದು ಏನು? ಯೂನಿವರ್ಸಿಟಿ ಓರಿಯೆಂಟೇಶನ್‌ನಲ್ಲಿ ಹೇಳೋದನ್ನ ಬಿಟ್ಟು.

ಮೈಸೂರ್_ಟು_ಡಾಲಸ್:

ಒಳ್ಳೇ ಪ್ರಶ್ನೆ ಕೇಳಿದೀರ. ಮೊದಲು ಒಂದ್ ಅರ್ಜೆಂಟ್ ವಿಷ್ಯ, ನಿಮ್ ಗ್ರೂಪಲ್ಲಿ ಈಗ್ಲೇ ಹಾಕ್ಬಿಡಿ: ಬಫಲೋಗೆ ಟೊರಾಂಟೊ ಹತ್ರ ಅಲ್ವಾ, ಟಿಕೆಟ್ ಚೀಪ್ ಇದೆ ಅಂತ ಟೊರಾಂಟೊಗೆ ಬುಕ್ ಮಾಡಿ ಅಲ್ಲಿಂದ ಬಸ್ಸಲ್ಲಿ ಬರ್ತೀವಿ ಅನ್ನೋರು ಇರ್ತಾರೆ, ಅಲ್ಲಿ ಏರ್‌ಪೋರ್ಟ್‌ನಿಂದ ಆಚೆ ಬರೋಕೆ ಕೆನಡಾ ವೀಸಾನೇ ಬೇಕು, ಅಮೆರಿಕದ ಎಫ್-1 ಸ್ಟೂಡೆಂಟ್ ವೀಸಾ ಇದ್ರೆ ಸಾಕಾಗಲ್ಲ. ಹಾಗೇ ಬಂದ್ಮೇಲೆ ನಯಾಗರಾ ನೋಡೋಕೆ ಹೋದಾಗ್ಲೂ ಅಷ್ಟೇ, ರೇನ್‌ಬೋ ಬ್ರಿಡ್ಜ್ ದಾಟಿದ್ರೆ ಆ ಕಡೆ ಬೇರೆ ದೇಶ. ಪ್ರೋಗ್ರಾಮ್ ಶುರು ಆಗೋ ದಿನಕ್ಕಿಂತ 30 ದಿನ ಮುಂಚೆ ಅಮೆರಿಕದೊಳಗೆ ಬಿಡಲ್ಲ, ಅದನ್ನೂ ನೋಡ್ಕೊಂಡು ಟಿಕೆಟ್ ಮಾಡ್ಲಿ.

ಬಂದ್ಮೇಲೆ ಪೇಪರ್ ಕೆಲ್ಸ ಬಹಳ ಇರುತ್ತೆ. ಐ-94 (ಅಮೆರಿಕದೊಳಗೆ ಬಂದಿದ್ದಕ್ಕೆ ಸರ್ಕಾರದ ದಾಖಲೆ) ಆನ್‌ಲೈನ್‌ನಲ್ಲಿ ತೆಗೆದು ಹೆಸರು, ಹುಟ್ಟಿದ ತಾರೀಖು ಸರಿ ಇದ್ಯಾ, ಸ್ಟೇಟಸ್ ಎಫ್-1 ಅಂತಾನೇ ಇದ್ಯಾ ಅಂತ ನೋಡೋದು, ಇಂಟರ್‌ನ್ಯಾಷನಲ್ ಆಫೀಸಲ್ಲಿ ಚೆಕ್-ಇನ್ ಮಾಡೋದು, ಮನೆ ಬದ್ಲಾದ್ರೆ 10 ದಿನದೊಳಗೆ ಅಡ್ರೆಸ್ ತಿಳಿಸೋದು, ಕ್ಯಾಂಪಸ್ಸಲ್ಲಿ ಕೆಲ್ಸ ಸಿಕ್ಕಿದ್ಮೇಲೆ ಎಸ್ಎಸ್ಎನ್ (ಸೋಶಿಯಲ್ ಸೆಕ್ಯುರಿಟಿ) ನಂಬರ್‌ಗೆ ಅರ್ಜಿ ಹಾಕೋದು. ನನ್ ಅನುಭವದಲ್ಲಿ ಸೀನಿಯರ್ಸ್ ಮಾಡೋ ತಪ್ಪು ಏನಂದ್ರೆ ಪ್ರೀತಿಯಿಂದ ಎಲ್ಲಾನೂ ತಾವೇ ತುಂಬಿ ಕೊಟ್ಬಿಡ್ತಾರೆ. ಹಾಗ್ ಮಾಡ್ಬೇಡಿ, ಪಕ್ಕದಲ್ಲಿ ಕೂತ್ಕೊಂಡು ಅವ್ರ ಕೈಲೇ ತುಂಬ್ಸಿ. ಇಲ್ದಿದ್ರೆ ಫೆಬ್ರವರೀಲಿ ಟ್ಯಾಕ್ಸ್ ಫಾರ್ಮ್ ಬಂದಾಗ ಮತ್ತೆ ದಿಕ್ಕು ತೋಚಲ್ಲ. ಒಂದ್ ಡಾಲರ್ ದುಡೀದೆ ಇದ್ರೂ ಟ್ಯಾಕ್ಸ್ ಇಲಾಖೆಗೆ 8843 ಫಾರ್ಮ್ ಕಳಿಸ್ಬೇಕು, ನನಗೆ ಇದನ್ನ ಯಾರೂ ಹೇಳಿರ್ಲಿಲ್ಲ.

ಇನ್ನು ಲೀಸ್. ನಾನು ಮೂರು ಜನರ ಜೊತೆ ಒಂದೇ ಲೀಸ್‌ಗೆ ಸೈನ್ ಹಾಕಿದ್ದೆ, ಅದರಲ್ಲಿ ಒಬ್ಬ ಜನವರೀಲಿ ಬೇರೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆದ, ಅವನ ಪಾಲಿನ ಬಾಡಿಗೆ ಏಳು ತಿಂಗಳು ನಾವು ಮೂರು ಜನ ಹಂಚ್ಕೊಂಡು ಕಟ್ಟಿದ್ವಿ, ಯಾಕಂದ್ರೆ ಜಾಯಿಂಟ್ ಲೀಸ್ ಅಂದ್ರೆ ಒಬ್ಬ ಕಟ್ಟದಿದ್ರೆ ಉಳಿದವ್ರೇ ಕಟ್ಬೇಕು. ಸೈನ್ ಹಾಕೋ ಮುಂಚೆ ಯಾರಾದ್ರೂ ಸೀನಿಯರ್ ಒಬ್ರು ಆ ಲೀಸ್ ಪೂರ್ತಿ ಓದ್ಲಿ, ಇದೊಂದು ಮಾಡಿದ್ರೂ ದೊಡ್ಡ ಉಪಕಾರ. ಮನೆ ಕಣ್ಣಲ್ಲಿ ನೋಡ್ದೆ ಅಡ್ವಾನ್ಸ್ ಕಳಿಸೋದಂತೂ ಬೇಡ್ವೇ ಬೇಡ, ನಿಮ್ಮಲ್ಲೇ ಯಾರಾದ್ರೂ ಹೋಗಿ ವಿಡಿಯೋ ಕಾಲಲ್ಲಿ ತೋರ್ಸಿ. ರಸ್ತೆ ಪಕ್ಕ ಬಿಟ್ಟಿರೋ ಹಾಸಿಗೇನ ಮನೆಗೆ ತರ್ಬಾರ್ದು ಅಂತಾನೂ ಹೇಳಿ, ತಿಗಣೆ ಬಂದ್ರೆ ಹೋಗಲ್ಲ.

ಟಿಎ_ಕೊಡಗು:

ನಾನು ಪಿಎಚ್‌ಡಿ ಮಾಡ್ತಾ ಮೂರು ವರ್ಷದಿಂದ ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿದೀನಿ. ಮೊದಲ ಸೆಮಿಸ್ಟರ್‌ನಲ್ಲಿ ನಮ್ಮವ್ರು ಸಿಕ್ಕಿ ಬೀಳೋದು ಹೋಮ್‌ವರ್ಕ್ ಕಾಪೀಲಿ, ಇದನ್ನ ಹೇಳೋಕೆ ನೋವಾಗುತ್ತೆ ಆದ್ರೂ ಹೇಳ್ಲೇಬೇಕು. ನಮ್ ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಕೊಡದಿದ್ರೆ ಅವನೆಂಥ ಫ್ರೆಂಡು ಅಂತಾರೆ. ಇಲ್ಲಿ ಕೋಡ್ ಕಳಿಸಿದವ್ನೂ ತಪ್ಪಿತಸ್ಥ, ತಗೊಂಡವ್ನೂ ತಪ್ಪಿತಸ್ಥ. ವೇರಿಯಬಲ್ ಹೆಸರು ಬದ್ಲಾಯ್ಸಿದ್ರೂ ಸಾಫ್ಟ್‌ವೇರ್ ಹಿಡಿಯುತ್ತೆ. ನನ್ ಕ್ಲಾಸಲ್ಲಿ ರೂಂಮೇಟ್‌ಗೆ ಪಾಪ ಅಂತ ಫೈಲ್ ಕೊಟ್ಟ ಹುಡುಗಿ ಕೋರ್ಸಲ್ಲೇ ಎಫ್ (ಫೇಲ್) ತಗೊಂಡ್ಲು, ಅವಳಿಗೆ ಅದು ತಪ್ಪು ಅನ್ನೋದೇ ಗೊತ್ತಿರ್ಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲೇ ಹೊಸಬ್ರನ್ನ ಕೂರ್ಸಿ ಕನ್ನಡದಲ್ಲಿ ಹೇಳಿ. ಓರಿಯೆಂಟೇಶನ್ ಸ್ಲೈಡಲ್ಲಿ ಇಂಗ್ಲಿಷಲ್ಲಿ ಹೇಳಿರ್ತಾರೆ, ಆದ್ರೆ ಜೆಟ್‌ಲ್ಯಾಗಲ್ಲಿ ಕೂತವ್ರಿಗೆ ಅದು ತಲೆಗೆ ಹೋಗಿರಲ್ಲ. ಆಫೀಸ್ ಅವರ್ಸ್‌ಗೆ ಬಂದು ಪ್ರಶ್ನೆ ಕೇಳಿದ್ರೆ ಪ್ರೊಫೆಸರ್ ಬೇಜಾರು ಮಾಡ್ಕೊಳಲ್ಲ, ಅವ್ರು ಆ ಹೊತ್ತಲ್ಲಿ ಕೂತಿರೋದೇ ಅದಕ್ಕೆ, ಅದನ್ನೂ ಹೇಳಿ.

ಇನ್ನು ನೀವು ಬರೆದ ಆ ಹುಡುಗನ ವಿಷ್ಯ. ಎಫ್-1ನಲ್ಲಿ ಇರೋವ್ರು ಫುಲ್ ಟೈಮ್ ಕ್ರೆಡಿಟ್‌ಗಿಂತ ಕಮ್ಮಿ ಮಾಡ್ಬಾರ್ದು ಅಂತ ಎಲ್ರಿಗೂ ಗೊತ್ತು, ಆ ಭಯಕ್ಕೇ ಕೆಲವ್ರು ಯಾರಿಗೂ ಹೇಳ್ದೆ ಒದ್ದಾಡ್ತಾರೆ. ಆದ್ರೆ ಕಮ್ಮಿ ಮಾಡೋಕೆ ದಾರಿ ಇದೆ. ಡಾಕ್ಟರ್ ಅಥವಾ ಲೈಸೆನ್ಸ್ ಇರೋ ಸೈಕಾಲಜಿಸ್ಟ್ ಪತ್ರ ಕೊಟ್ರೆ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್ಒ (ಎಫ್-1 ವಿದ್ಯಾರ್ಥಿಗಳ ವಿಷ್ಯ ನೋಡ್ಕೊಳೋ ಅಧಿಕಾರಿ) ಕಮ್ಮಿ ಕೋರ್ಸ್ ತಗೊಳ್ಳೋಕೆ ಅನುಮತಿ ಕೊಡ್ಬಹುದು, ಒಂದು ಡಿಗ್ರಿ ಮುಗಿಯೋದ್ರೊಳಗೆ ಒಟ್ಟು 12 ತಿಂಗಳವರೆಗೆ. ಮನಸ್ಸಿನ ಕಾಯಿಲೆಗೂ ಇದು ಆಗುತ್ತೆ. ಇಲ್ಲಿನ ಪಾಠದ ರೀತಿಗೆ ಹೊಂದ್ಕೊಳೋಕೆ ಕಷ್ಟ ಆದ್ರೂ ಶುರುವಿನಲ್ಲಿ ಒಂದ್ ಸಲ ಕೇಳ್ಬಹುದು. ಆದ್ರೆ ಮೊದಲು ಅನುಮತಿ ತಗೋಬೇಕು, ಆಮೇಲೆ ಕೋರ್ಸ್ ಡ್ರಾಪ್ ಮಾಡ್ಬೇಕು, ಉಲ್ಟಾ ಮಾಡಿದ್ರೆ ಸ್ಟೇಟಸ್ ಹೋಗುತ್ತೆ. ಆ ಹುಡುಗನಿಗೆ ಇದು ಗೊತ್ತಿತ್ತೋ ಇಲ್ವೋ. ಹದಿನಾಲ್ಕು ಜನಕ್ಕೂ ಗೊತ್ತಾಗೋ ಹಾಗೆ ಮಾಡಿ.

ಹುಬ್ಬಳ್ಳಿ_ಮಂದಿ:

ನಾನೂ ಬಫಲೋದಾಗ ಓದಿದಾಂವ್ರಿ, ಈಗ ಕೆಲಸಕ್ಕ ಬ್ಯಾರೆ ಊರಿಗೆ ಬಂದೇನಿ. ನೀವು ಬರದಿದ್ದು ಓದಿ ಭಾಳ ತ್ರಾಸ ಆತು, ಯಾಕಂದ್ರ ಆ ಹುಡುಗನ ಜಾಗಾದಾಗ ನಾನೂ ಇದ್ದೆ.

ಆಗಸ್ಟ್ ಛಲೋನ ಇರ್ತೈತ್ರಿ. ಎಲ್ಲಾ ಹೊಸದು, ಮಂದಿ ಕರದು ಊಟಾ ಹಾಕ್ತಾರ. ಅಕ್ಟೋಬರದಾಗ ಮಿಡ್‌ಟರ್ಮ್ ಬರ್ತಾವು, ಇಂಟರ್ನ್‌ಶಿಪ್‌ಗೆ ಹಾಕಿದ್ದಕ್ಕೆಲ್ಲಾ ಇಲ್ಲ ಅಂತ ಮೇಲ್ ಬರಾಕ ಶುರು ಆಗ್ತಾವು, ಮನ್ಯಾಗ ಹೊಲದ ಮ್ಯಾಲೆ ಸಾಲಾ ತಗದು ಕಳಿಸ್ಯಾರ ಅನ್ನೂದು ತಲ್ಯಾಗ ಕುಂತಿರ್ತೈತಿ. ನವೆಂಬರ್ ಮೊದಲನೇ ರವಿವಾರ ಗಡಿಯಾರ ಒಂದ್ ತಾಸ ಹಿಂದ ಸರಸ್ತಾರ, ಡಿಸೆಂಬರ್ ಬರೂದ್ರಾಗ ಸಂಜಿ ನಾಲ್ಕೂ ಮುಕ್ಕಾಲಕ್ಕ ಕತ್ತಲ. ನಮ್ಮ ಹುಬ್ಬಳ್ಳ್ಯಾಗ ಹುಟ್ಟಿ ಬೆಳದಾವ್ರಿಗೆ ಆ ಕತ್ತಲಾ ತಡಕೊಳ್ಳೂದು ಥಂಡಿಗಿಂತ ಕಠಿಣ. ನಾನು ಮಧ್ಯಾಹ್ನ ಎದ್ದು, ಮೋಡದಾಗ ಎರಡ್ ತಾಸ ಬೆಳಕ ನೋಡಿ, ಮತ್ತ ಮಲಗತಿದ್ದೆ. ಅವ್ವ ಫೋನ್ ಮಾಡಿದ್ರ ಎಲ್ಲಾ ಆರಾಮ ಅಂತಿದ್ದೆ.

ನನ್ನ ಎಬ್ಬಿಸಿದಾಕಿ ರಾಯಚೂರಿನ ಒಬ್ಬಾಕಿ ಅಕ್ಕ. ಆಕಿ ಎಂದೂ "ಹೆಂಗದಿ, ಡಿಪ್ರೆಶನ್ ಐತೇನು" ಅಂತ ಕೇಳಲಿಲ್ಲ. ರವಿವಾರ ಬಂದು ಬಾಗಲಾ ಬಡದು, "ಎದ್ದೇಳು, ಕೊತ್ತಂಬರಿ ತರಬೇಕು, ಚೀಲಾ ಹಿಡ್ಯಾಕ ನೀ ಬಾ" ಅಂತಿದ್ಲು. ಜ್ವಾಳದ ಹಿಟ್ಟು ಸಿಕ್ಕಿದ್ದಿನ ರೊಟ್ಟಿ ಬಡೀತಿದ್ಲು. ಐದಾರು ರವಿವಾರ ಆದಮ್ಯಾಲೆ ನಾನಾಗೇ ಹೇಳಿಕೊಂಡೆ, ಆಕಿನ ಯೂನಿವರ್ಸಿಟಿ ಕೌನ್ಸೆಲಿಂಗ್‌ಗೆ ಬಾಗಲಾತನಾ ಬಂದು ಬಿಟ್ಟಳು. ನಾ ಅಂದ್ಕೊಂಡಿದ್ದೆ, ಅಲ್ಲಿ ಹೋದ್ರ ರೆಕಾರ್ಡ್ ಆಗ್ತೈತಿ, ಪ್ರೊಫೆಸರ್‌ಗೆ ಗೊತ್ತಾಗ್ತೈತಿ, ವೀಸಾಕ್ಕ ಹೊಡ್ತ ಬೀಳ್ತೈತಿ ಅಂತ. ಹಂಗೇನಿಲ್ರಿ, ನೀವು ಹೇಳಿದ್ದು ಪ್ರೊಫೆಸರಗಾಗ್ಲಿ ಇಮಿಗ್ರೇಶನ್‌ದಾವ್ರಿಗಾಗ್ಲಿ ಹೋಗೂದಿಲ್ಲ. ರಾತ್ರಿ ಭಾಳ ಕೆಟ್ಟ ಅನಿಸಿದ್ರ 988ಕ್ಕ (ಮನಸ್ಸಿನ ತ್ರಾಸಿಗೆ ಇರೋ ಸಹಾಯವಾಣಿ) ಫೋನ್ ಮಾಡಬಹುದು, ಮೆಸೇಜ್ ಸೈತ ಹಾಕಬಹುದು. ಈ ನಂಬರ್ ಎಲ್ಲಾರ ಫೋನಿನ್ಯಾಗ ನೀವೇ ಸೇವ್ ಮಾಡ್ಸ್ರಿ.

ಬರ್ಫಿಂದೂ ಹೇಳ್ತೇನಿ. ಟ್ರಾವೆಲ್ ಬ್ಯಾನ್ ಅಂದ್ರ ಗಾಡಿ ರಸ್ತೆಗೆ ತಗೀಬಾರದು, ಹಾಲು ತರಾಕೂ. 2022ರ ಡಿಸೆಂಬರ್ ಬಿರುಗಾಳ್ಯಾಗ ಬಫಲೋ ಸುತ್ತಮುತ್ತ 40ಕ್ಕಿಂತ ಹೆಚ್ಚು ಮಂದಿ ತೀರಿಕೊಂಡಾರ, ಕೆಲವರು ಸಿಕ್ಕಿಬಿದ್ದ ಕಾರಿನ್ಯಾಗ, ಕೆಲವರು ಬೀದ್ಯಾಗ. ಅಕ್ಕಿ, ಬ್ಯಾಳಿ, ಗುಳಿಗಿ ಒಂದು ವಾರಕ್ಕಾಗುವಷ್ಟು ಇಟ್ಕೊಳ್ಳಾಕ ಹೇಳ್ರಿ. ಕೋಟ್ ಊರಾಗ ತಗೊಂಡು ಬರಬ್ಯಾಡ್ರಿ, ಅದು ಇಲ್ಲಿ ಗಾಳಿಗೆ ನಿಲ್ಲೂದಿಲ್ಲ, ಇಲ್ಲೇ ಬಂದು ತಗೋರಿ. ನೀರು ಒಳಗ ಬರದಂಥ ಬೂಟ್ ಮೊದಲ, ಕೋಟ್ ಆಮ್ಯಾಲೆ.

ಶಿವಮೊಗ್ಗ_ಅಮ್ಮ:

ನನ್ನ ಮಗಳು ಪಿಟ್ಸ್‌ಬರ್ಗ್‌ನಲ್ಲಿ ಓದ್ತಿದ್ದಾಳೆ, ಅಮ್ಮ ಆಗಿ ಎರಡು ಮಾತು ಹೇಳ್ತೀನಿ ಕಣಪ್ಪ. ಆ ಹುಡುಗನ ವಿಷಯಕ್ಕೆ ನೀನು ನಿನ್ನನ್ನ ಬೈಕೋಬೇಡ, ನೀನೂ ಆಗ ಹೊಸಬನೇ ಅಲ್ವಾ.

ನಾವು ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡ್ತಿದ್ವಿ, ಅಲ್ಲಿ ರಾತ್ರಿ ಒಂಬತ್ತೂವರೆ. ಊಟ ಆಯ್ತಾ ಅಂದ್ರೆ ಆಯ್ತು ಅಂತಾಳೆ. ಆಗಿಲ್ಲದಿದ್ರೂ ಆಯ್ತು ಅಂತಾಳೆ, ನಾವು ಸಾಲ ಮಾಡಿ ಕಳ್ಸಿದೀವಿ ಅಂತ ಅವಳಿಗೆ ಗೊತ್ತಲ್ಲ. ಒಂದು ದಿನ ಅವಳಿಗೆ ಯಾರೋ ಫೋನ್ ಮಾಡಿ ನಾವು ಇಮಿಗ್ರೇಶನ್ ಪೊಲೀಸ್, ನಿನ್ನ ಮೇಲೆ ವಾರಂಟ್ ಇದೆ, ಫೋನ್ ಇಡಬೇಡ, ಯಾರಿಗೂ ಹೇಳಬೇಡ, ಗಿಫ್ಟ್ ಕಾರ್ಡ್ ತಗೊಂಡು ನಂಬರ್ ಓದು ಅಂದಿದ್ದಾರೆ. ಮಗು ಅಳ್ತಾ ಅಂಗಡಿಗೇ ಹೊರಟಿತ್ತು, ರೂಮಿನಲ್ಲಿದ್ದ ತೆಲುಗು ಹುಡುಗಿ ಫೋನ್ ಕಿತ್ಕೊಂಡು ಕಟ್ ಮಾಡಿದ್ಲು. ಆ ಹುಡುಗಿಗೆ ನಾನು ಇವತ್ತಿಗೂ ಹಬ್ಬಕ್ಕೆ ಕೋಡುಬಳೆ ಕಳಿಸ್ತೀನಿ. ಯಾವ ಸರ್ಕಾರಿ ಆಫೀಸೂ ಗಿಫ್ಟ್ ಕಾರ್ಡಲ್ಲಿ ದುಡ್ಡು ಕೇಳಲ್ಲ, ಇದನ್ನ ಮಕ್ಕಳಿಗೆ ಬಂದ ದಿನವೇ ಹೇಳಿ.

ಇನ್ನೊಂದು ಕೇಳ್ಕೋತೀನಿ. ಆ ಹದಿನಾಲ್ಕು ಮಕ್ಕಳ ಅಪ್ಪ ಅಮ್ಮಂದಿರಿಗೆ ನಿಮ್ಮಲ್ಲಿ ಒಬ್ಬರ ಫೋನ್ ನಂಬರ್ ಕೊಡಿ, ಮಕ್ಕಳನ್ನ ಕೇಳಿಯೇ ಕೊಡಿ. ಎರಡು ದಿನ ಮಗಳು ಫೋನ್ ತೆಗೀಲಿಲ್ಲ ಅಂದ್ರೆ ಯಾರನ್ನ ಕೇಳೋದು ಅಂತಾನೇ ಗೊತ್ತಿರಲ್ಲ ನಮಗೆ. ಸುಮ್ಮಸುಮ್ಮನೆ ಫೋನ್ ಮಾಡಿ ಕಾಟ ಕೊಡಲ್ಲ.

ಬೆಣ್ಣೆನಗರಿ_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಮ್ಮ ನಿಮ್ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಂಬರ್ ಖಂಡಿತ ಕೊಡ್ತೀವಿ.

ನಿನ್ನೆ ಧೈರ್ಯ ಮಾಡಿ ಆ ಹುಡುಗನಿಗೇ ಫೋನ್ ಮಾಡ್ದೆ. ಈಗ ಅಣ್ಣನ ಜೊತೆ ಅಂಗಡಿ ನೋಡ್ಕೋತಿದಾನೆ, ಚೆನ್ನಾಗೇ ಮಾತಾಡ್ದ. ಈ ಥ್ರೆಡ್ ವಿಷ್ಯ ಹೇಳಿ, ನಿಂಗೆ ಏನ್ ಮಾಡಿದ್ರೆ ಸಹಾಯ ಆಗ್ತಿತ್ತು ಅಂತ ನೇರವಾಗೇ ಕೇಳ್ದೆ. ಕಮ್ಮಿ ಕೋರ್ಸ್ ತಗೋಬಹುದು ಅನ್ನೋದು ಅವನಿಗೆ ಗೊತ್ತೇ ಇರ್ಲಿಲ್ಲ. ಆಮೇಲೆ ಇನ್ನೊಂದ್ ಹೇಳ್ದ. ಮೊದಲ ವಾರ ಸೌತ್ ಕ್ಯಾಂಪಸ್ಸಲ್ಲಿ ಬಸ್ ಎಲ್ಲಿ ನಿಲ್ಲುತ್ತೆ, ದುಡ್ಡು ಕೊಡ್ಬೇಕಾ ಅಂತ ಕೇಳೋಕೆ ನಾಚಿಕೆ ಆಗಿ ನಾರ್ತ್ ಕ್ಯಾಂಪಸ್‌ಗೆ ನಡ್ಕೊಂಡೇ ಹೋಗ್ತಿದ್ನಂತೆ. ಐದು ಕಿಲೋಮೀಟರ್ ಆಗುತ್ತೆ, ಅದೂ ಆಗಸ್ಟ್ ಬಿಸಿಲಲ್ಲಿ. ಆ ಬಸ್ ಫ್ರೀ. ಎಲ್ರಿಗೂ ಗೊತ್ತಿರುತ್ತೆ ಅಂತ ನಾವ್ ಯಾರೂ ಹೇಳಿರ್ಲಿಲ್ಲ.

ಸೋ ಈ ಸಲ ಹಳಬ್ರು ಒಬ್ಬೊಬ್ರಿಗೆ ಇಬ್ರು, ಮೂವರು ಹೊಸಬ್ರು ಅಂತ ಹಂಚ್ಕೋತೀವಿ, ಡಿಸೆಂಬರ್ ತನಕ ಅವ್ರು ನಮ್ ಜವಾಬ್ದಾರಿ. ಕ್ಲಾಸ್ ಶುರು ಆಗೋ ದಿನ ಎಲ್ರನ್ನೂ ಬಸ್ ಹತ್ಸಿ ನಾವೇ ನಾರ್ತ್ ಕ್ಯಾಂಪಸ್ ತನಕ ಹೋಗ್ತೀವಿ. ಅಕ್ಟೋಬರ್‌ನಿಂದ ಪ್ರತಿ ಭಾನುವಾರ ಒಬ್ಬೊಬ್ರ ಮನೇಲಿ ಅಡುಗೆ, ಬರದೇ ಇದ್ದವ್ರ ಮನೆಗೆ ಊಟದ ಡಬ್ಬಿ ನಾವೇ ತಗೊಂಡ್ ಹೋಗೋದು. ಕೊಡಗಿನವ್ರೇ, ಸೆಪ್ಟೆಂಬರ್ ಮೊದಲ ಶನಿವಾರ ಜೂಮಲ್ಲಿ ಅರ್ಧ ಗಂಟೆ ಬಂದು ಆ ಕಾಪಿ ವಿಷ್ಯಾನೂ ಡಿಎಸ್ಒ ವಿಷ್ಯಾನೂ ನೀವೇ ಹೇಳ್ತೀರಾ? ಬಫಲೋದಲ್ಲಿ ಯಾರ ಹತ್ರನಾದ್ರೂ ದೊಡ್ಡ ಗಾಡಿ ಇದ್ರೆ ತಿಳ್ಸಿ, ಆಗಸ್ಟ್ ಕೊನೇಲಿ ಹದಿನಾಲ್ಕು ಹಾಸಿಗೆ ಸಾಗಿಸ್ಬೇಕು.

ಟಿಎ_ಕೊಡಗು:

ಖಂಡಿತ ಬರ್ತೀನಿ. ಅರ್ಧ ಗಂಟೆ ಸಾಲಲ್ಲ, ಒಂದ್ ಗಂಟೆ ಇಡಿ.