ಓದುಗರ ಸ್ಪಂದನ: ಮಗು ಬೇಕು, ಆದರೆ ಲಿವರ್…

ಕಳೆದ ಸಂಚಿಕೆಯಲ್ಲಿ ಹಾವೇರಿ ಜಿಲ್ಲೆಯ 29ರ ಸೋದರಿಯೊಬ್ಬರು ಬರೆದಿದ್ದರು: ‘ನನಗೆ ಬಡ್-ಕಿಯಾರಿ ಎಂಬ ಅಪರೂಪದ ಲಿವರ್ ಕಾಯಿಲೆ. ಮೂರು ವರ್ಷದ ಹಿಂದೆ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ ನುಂಗುತ್ತೇನೆ. ಅತ್ತೆಗೆ ಇದೇನೂ ಗೊತ್ತಿಲ್ಲ, ಮೊಮ್ಮಗು ಕೇಳುತ್ತಾರೆ. ಗಂಡ ಮಾತಾಡುವುದಿಲ್ಲ. ನನಗೂ ಮಗು ಬೇಕು. ಏನು ಮಾಡಲಿ?’ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

•

ನಿಮ್ಮ ಪತ್ರ ಓದುತ್ತಾ ಒಲೆ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ನನಗೂ ಅದೇ ಕಾಯಿಲೆ. ಲಿವರಿನಿಂದ ರಕ್ತ ಹೊರಹೋಗುವ ನಾಳಗಳೇ ಹೆಪ್ಪುಗಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ಪಕ್ಕದ ಮನೆಯವರು ‘ಎಷ್ಟು ತಿಂಗಳು?’ ಅಂತ ಕೇಳಿದ್ದರು. ನಕ್ಕು ಒಳಗೆ ಬಂದಿದ್ದೆ.

ಮೊದಲ ಸಲ ಬಸುರಿ ಅಂತ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ದಾಟಿತ್ತು, ಅಲ್ಲಿಯವರೆಗೂ ವಾರ್ಫರಿನ್ ನುಂಗಿದ್ದೆ. ಹನ್ನೊಂದನೇ ವಾರದ ಸ್ಕ್ಯಾನಿನಲ್ಲಿ ಹೃದಯ ಬಡಿತ ಇರಲಿಲ್ಲ. ಮಾತ್ರೆಯಿಂದಲೋ ಕಾಯಿಲೆಯಿಂದಲೋ, ಯಾರೂ ಖಚಿತವಾಗಿ ಹೇಳಲಿಲ್ಲ. ತಪ್ಪು ನನ್ನದೇ ಅಂತ ನಾನೇ ತೀರ್ಮಾನಿಸಿಕೊಂಡೆ. ಈಗಲೂ ಕೆಲವು ರಾತ್ರಿ ಹಾಗೇ ಅನಿಸುತ್ತದೆ.

ಎರಡನೇ ಸಲ ಮೊದಲೇ ಡಾಕ್ಟರಿಗೆ ಹೇಳಿದ್ದೆವು. ಟೆಸ್ಟ್ ಪಾಸಿಟಿವ್ ಬಂದ ದಿನವೇ ಮಾತ್ರೆ ಬಿಡಿಸಿ, ಅದೇ ಕೆಲಸ ಮಾಡುವ ಆದರೆ ಹೊಟ್ಟೆಯೊಳಗಿನ ಮಗುವಿಗೆ ತಾಕದ ಎನಾಕ್ಸಪರಿನ್ ಚುಚ್ಚುಮದ್ದು ಶುರು ಮಾಡಿದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಹೊಟ್ಟೆಯೆಲ್ಲ ನೇರಳೆಹಣ್ಣು ಉಜ್ಜಿದ ಹಾಗೆ ಕಲೆ. ಐದನೇ ತಿಂಗಳಲ್ಲಿ ಎಂಡೋಸ್ಕೋಪಿ ಮಾಡಿ ಲಿವರ್ ಕಾಯಿಲೆಯಿಂದ ಅನ್ನನಾಳದಲ್ಲಿ ಉಬ್ಬಿದ್ದ ರಕ್ತನಾಳಗಳು ಒಡೆಯದಂತೆ ಬ್ಯಾಂಡ್ ಹಾಕಿದರು. 35ನೇ ವಾರಕ್ಕೆ ಹೆರಿಗೆ, ಮಗು ಎರಡು ಕೆ.ಜಿ. ಬಾಣಂತನದಲ್ಲೇ ಹೆಪ್ಪುಗಟ್ಟುವ ಭಯ ಹೆಚ್ಚಂತೆ, ಹಾಗಾಗಿ ಹೆರಿಗೆಯಾದ ಮೇಲೂ ಸೂಜಿ ತಪ್ಪಲಿಲ್ಲ. ಮಗಳಿಗೆ ಈಗ ನಾಲ್ಕು ವರ್ಷ, ಮಹಾ ಹಟಮಾರಿ.
– ಹೆಸರು ಬೇಡ, ದಾವಣಗೆರೆ

•

ಗಂಡನಿಗೆ ಬಾಯಿಲ್ಲವೇ? ಮೊದಲು ಅವನಿಗೆ ಚಿಕಿತ್ಸೆ ಆಗಲಿ.
– ನಿವೃತ್ತ ಶಿಕ್ಷಕಿ, ಧಾರವಾಡ

•

(ಧಾರವಾಡದವರ ಮಾತು ಒರಟು. ಅದೇ ಅರ್ಥದ ಪತ್ರಗಳು ಇನ್ನೂ ಹಲವು ಬಂದಿವೆ. – ಸಂ.)

•

ಮಕ್ಕಳಿಲ್ಲದಿದ್ದರೆ ಏನಂತೆ? ನಾವು ದತ್ತು ತಂದೆವು. ಕಾಗದಪತ್ರಕ್ಕೆ ಎರಡೂವರೆ ವರ್ಷ ಅಲೆದೆವು ಅನ್ನುವುದು ಬಿಟ್ಟರೆ ಯಾವ ಕೊರಗೂ ಇಲ್ಲ.
– ದಂಪತಿ, ಪುತ್ತೂರು

•

ಈ ಕಾಯಿಲೆ ಇದ್ದರೆ ಬಸಿರೇ ಬೇಡ ಎನ್ನುವ ಕಾಲ ಹೋಯಿತು. ಹಾಗೆಂದು ಸಲೀಸೂ ಅಲ್ಲ. 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಚಿಕಿತ್ಸೆ ಪಡೆದ 16 ಮಹಿಳೆಯರ 24 ಗರ್ಭಗಳಲ್ಲಿ 7 ಇಪ್ಪತ್ತನೇ ವಾರದೊಳಗೆ ಹೋದವು. ತಾಯಂದಿರೆಲ್ಲ ಉಳಿದರು. ಸ್ಟೆಂಟ್ ತೆರೆದಿದೆಯೇ ಎಂದು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ನೋಡಿಸಿ. ರಕ್ತ ಯಾಕೆ ಹೆಪ್ಪುಗಟ್ಟಿತು ಎಂಬ ಮೂಲ (ಜಾಕ್-2 ಜೀನಿನ ದೋಷ, ರಕ್ತದಲ್ಲಿ ಪ್ರೋಟೀನ್ ಸಿ, ಎಸ್ ಕೊರತೆ ಇತ್ಯಾದಿ) ಪತ್ತೆಯಾಗಿರಲಿ. ವಾರ್ಫರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಇದೆಲ್ಲ ಆಗುವವರೆಗೆ ಗರ್ಭ ತಡೆಯಲು ಈಸ್ಟ್ರೋಜನ್ ಇರುವ ಗುಳಿಗೆ ಬೇಡವೇ ಬೇಡ, ಅದು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ.
– ವೈದ್ಯೆ, ಬೆಂಗಳೂರು

•

(ನಾಟಿ ಔಷಧಿ ಸೂಚಿಸಿದ ಪತ್ರಗಳನ್ನು ಬಿಟ್ಟಿದ್ದೇವೆ, ಬರೆದವರು ಬೇಸರಿಸಬಾರದು. ಕೊನೆಯ ಪತ್ರ ಒಬ್ಬ ಅತ್ತೆಯದು. – ಸಂ.)

•

ನನ್ನ ಸೊಸೆಗೆ ಲಿವರ್ ಅಲ್ಲ, ಹೃದಯದ ವಾಲ್ವ್. ಅವಳೂ ಇದೇ ಮಾತ್ರೆ ಕದ್ದು ನುಂಗುತ್ತಿದ್ದಳು. ಒಂದು ದಿನ ಅಕ್ಕಿ ಡಬ್ಬದಲ್ಲಿ ಕೈಗೆ ಸಿಕ್ಕಿತು. ಸಿಟ್ಟು ಬಂತು, ಮಾತ್ರೆ ನೋಡಿ ಅಲ್ಲ, ಬಚ್ಚಿಟ್ಟದ್ದಕ್ಕೆ. ಗೊತ್ತಿದ್ದರೆ ಮಗುವಿಗಾಗಿ ಅಷ್ಟೊಂದು ಉಪವಾಸ ಮಾಡಿಸುತ್ತಿದ್ದೆನೇ? ಈಗ ರಾತ್ರಿ ಎಂಟಕ್ಕೆ ನಾನೇ ನೀರು ಹಿಡಿದು ನಿಲ್ಲುತ್ತೇನೆ.
– ಒಬ್ಬ ಅತ್ತೆ, ತಿಪಟೂರು